ಪಾಟಿಯ ಹಟ್ಟಿ ಹುಡುಕಿ ಹೊರಟ ತಂಗಮಣಿ

ಮಂಜು ಇನ್ನೂ ಕಿಟಕಿಯ ಬಣ್ಣದ ಗಾಜಿಗೆ ಅಂಟಿಕೊಂಡಿರುವಾಗಲೇ ತಂಗಮಣಿ ಊಟಿಯ ಹಳೆಯ ಕತೋಲಿಕ ಚರ್ಚಿನ ಬಾಗಿಲು ತೆರೆಯುತ್ತಾರೆ. ಬೆಂಚು ಒರೆಸಿ, ಬಾಡಿದ ಹೂ ತೆಗೆದು, ಗಂಟೆ ಬಾರಿಸುತ್ತಾರೆ. ಪೂಜೆ ಮುಗಿದು ಜನ ಚದುರಿದ ಮೇಲೆ ಪಕ್ಕದ ಕೋಣೆಯಲ್ಲಿ ಅವರ ಎರಡನೆಯ ಕೆಲಸ ಶುರುವಾಗುತ್ತದೆ. ಜ್ಞಾನಸ್ನಾನ, ಮದುವೆ, ಸಾವುಗಳ ಹಳೆಯ ದಾಖಲೆಗಳಲ್ಲಿ ಯಾರದೋ ಅಜ್ಜನನ್ನು, ಯಾರದೋ ಮುತ್ತಜ್ಜಿಯನ್ನು ಹುಡುಕಿ ಕೊಡುವುದು.

ಬರುವವರು ಹೆಚ್ಚಾಗಿ ಎಸ್ಟೇಟ್ ಕೂಲಿಗಳ ಮೊಮ್ಮಕ್ಕಳು. ಗೂಡಲೂರಿನ ಲಾರಿ ಚಾಲಕ ಸುರೇಂದ್ರನ್‌ಗೆ ತಮ್ಮ ಅಜ್ಜ ಯಾವ ಊರಿನಿಂದ ಬೆಟ್ಟ ಹತ್ತಿದರೆಂದು ತಿಳಿದಿರಲಿಲ್ಲ. ಊರಿನ ಹೆಸರು ಸಿಕ್ಕ ದಿನ ಅವರು ಅದನ್ನು ಮತ್ತೆ ಮತ್ತೆ ಓದಿಸಿಕೊಂಡರಂತೆ.

“ಎಲ್ಲಾರ್ಗೂ ಹುಡುಕಿ ಕೊಟ್ಟೆ. ನಂಗ ಪಾಟಿ ಎಲ್ಲಿಯವಳು ಅಂತ ಎನಗೇ ಗೊತ್ತಿಲ್ಲೆ,” ಎನ್ನುತ್ತಾರೆ ತಂಗಮಣಿ. ಪಾಟಿ ಎಂದರೆ ಅವರ ಅಜ್ಜಿ ರೀತಮ್ಮಾಳ್.

ರೀತಮ್ಮಾಳ್ ನೀಲಗಿರಿಯ ಬಡಗ ಸಮುದಾಯದ ಹುಡುಗಿ. ಟೀ ಫ್ಯಾಕ್ಟರಿ ಕಟ್ಟಲು ಬಂದ ತಮಿಳು ಗಾರೆಯವನನ್ನು ಮೆಚ್ಚಿ, ಅವನ ಮತಕ್ಕೆ ಸೇರಿ ಮದುವೆಯಾದಳು. ತವರಿನ ಬಾಗಿಲು ಮುಚ್ಚಿತು. ಮಾರ್ಕೆಟ್ಟಿನಲ್ಲಿ ಯಾರಾದರೂ ಬಡಗ ಮಾತಾಡಿದರೆ ಆಕೆ ಬುಟ್ಟಿ ಹೊತ್ತುಕೊಂಡೇ ಅವರ ಹಿಂದೆ ಒಂದಷ್ಟು ದೂರ ನಡೆದು, ಸುಮ್ಮನೆ ಹಿಂದಿರುಗುತ್ತಿದ್ದಳು. ಮಗುವಾಗಿದ್ದ ತಂಗಮಣಿ ಸೆರಗು ಹಿಡಿದು ಅದನ್ನು ನೋಡಿದ್ದಾರೆ.

ಚರ್ಚಿನ ಮದುವೆ ದಾಖಲೆಯಲ್ಲಿ ಇದ್ದದ್ದು ತಂದೆ ಭೋಜನ್ ಎಂಬ ಹೆಸರು, ಜೊತೆಗೆ ಪರದೇಶದ ಪಾದ್ರಿ ಕಿವಿಗೆ ಬಿದ್ದಂತೆ ಬರೆದ ಒಂದು ಹಟ್ಟಿಯ, ಅಂದರೆ ಬಡಗರ ಊರಿನ, ಹೆಸರು. ಅಂಥ ಹಟ್ಟಿಯನ್ನು ಯಾವ ಬಸ್ಸಿನವರೂ ಕೇಳಿರಲಿಲ್ಲ. ರಜೆ ಸಿಕ್ಕಾಗಲೆಲ್ಲ ತಂಗಮಣಿ ತಾಲೂಕು ಕಚೇರಿಗೆ ಹೋದರು. ಕೊನೆಗೆ ಗುಮಾಸ್ತ ಧರ್ಮಲಿಂಗಂ ಹಳೆಯ ಜಮೀನು ದಾಖಲೆಯಲ್ಲಿ ಆ ಭೋಜನ್‌ನನ್ನು ಕಂಡುಹಿಡಿದರು: ಕೋತಗಿರಿಯ ಹತ್ತಿರದ ತೊರೆಹಟ್ಟಿ.

ತಿಳಿದ ಮೇಲೂ ಹೋಗಲು ಧೈರ್ಯ ಬರಲಿಲ್ಲ. ಮುಚ್ಚಿದ ಬಾಗಿಲಿಗೆ ಏನೆಂದು ಹೋಗಲಿ ಎಂದು ಅಳುಕುತ್ತಲೇ ವರ್ಷ ಕಳೆಯಿತು. ಕಳೆದ ಚಳಿಗಾಲದಲ್ಲಿ ಮನಸ್ಸು ಗಟ್ಟಿಮಾಡಿ ಬಸ್ಸು ಹತ್ತಿದರು. ಭೋಜನ್‌ನ ಮನೆಯ ಮುಂದೆ ಮುದುಕಿಯೊಬ್ಬಳು ಬಿಸಿಲು ಕಾಯುತ್ತಿದ್ದಳು. ಆಕೆ ನಂಜಿ, ರೀತಮ್ಮಾಳ್‌ನ ತಂಗಿ. ತಂಗಮಣಿ ಮುರುಕು ಬಡಗದಲ್ಲಿ ತಾನು ಯಾರೆಂದು ಹೇಳಿದರು.

ನಂಜಿ, ಅಕ್ಕ ಯಾವಾಗ ಸತ್ತಳು, ಬಳಿಯಲ್ಲಿ ಯಾರಿದ್ದರು ಎಂದು ಕೇಳಿದಳು. ಅಲ್ಲಿ ಅವಳನ್ನು ಏನೆಂದು ಕರೆಯುತ್ತಿದ್ದರು ಎಂದಳು. ರೀತಮ್ಮಾಳ್ ಎಂಬ ಹೆಸರು ಕೇಳಿ ತಲೆಯಾಡಿಸಿದಳು.

“ಅದು ನಂಗ ಅಕ್ಕ ಅಲ್ಲ. ಅವಳ ಹೆಸರು ಮಾಸಿ. ಅಪ್ಪ ಹೊಲಕ್ಕ ಹೋದ ಮೇಲೆ ಅವ್ವೆ ಮಾಸಿ, ಮಾಸಿ ಅಂತ ಅತ್ತಳು.”

ಯಾವ ದಾಖಲೆಯಲ್ಲೂ ಇಲ್ಲದ ಹೆಸರು. ತಂಗಮಣಿ ತಲೆ ಬಾಗಿಸಿದರು. ಹಿರಿಯರು ಹರಸುವಂತೆ ನಂಜಿ ನೆತ್ತಿಯ ಮೇಲೆ ಕೈಯಿಟ್ಟಳು. ನಂಜಿಯ ಮಕ್ಕಳು ಇವತ್ತಿಗೂ ತಂಗಮಣಿಯವರನ್ನು ಒಳಗೆ ಕರೆಯುವುದಿಲ್ಲ, ಬರಬೇಡ ಎನ್ನುವುದೂ ಇಲ್ಲ. ತಂಗಮಣಿ ಹೋಗಿ ಜಗಲಿಯಲ್ಲೇ ಕುಳಿತು ಬರುತ್ತಾರೆ.

ಇನ್ನೇನು ಆಸೆ ಎಂದು ಕೇಳಿದರೆ ತಂಗಮಣಿ ಹೇಳುತ್ತಾರೆ: “ಪಾಟಿಯ ಗೋರಿಕಲ್ಲಲಿ ಮಾಸಿ ಅಂತ ಕೊರೆಸೋಕು. ಆಮೇಲೆ ನಂಜಿಯನ್ನ ಒಂದು ದಿನ ಕರ್ಕೊಂಡು ಬರೋಕು. ಅವ್ಳ್ಗೆ ಓದು ಬರಲ್ಲ. ಕೈಲಿ ತಡವಿ ನೋಡಲಿ.”