ಗುಡಿಯ ಬಾವಿಯೂ ನಾರುಹುಳವೂ

“ನಾರುಹುಣ್ಣು ಕೆಳಗೇರಿಯ ಹೊಲಸಿನಿಂದ ಹುಟ್ಟುತ್ತದೆ, ಗುಡಿಯ ಬಾವಿಯಲ್ಲಿ ಕಾಲಿಳಿಬಿಟ್ಟರೆ ಶಮನವಾಗುತ್ತದೆ.” ನನ್ನ ಅಕ್ಕ ನೀಲವ್ವನ ಊರಿನಲ್ಲಿ ಈ ಮಾತನ್ನು ಯಾರೂ ಪ್ರಶ್ನಿಸಿದ್ದಿಲ್ಲ. ಅವಳ ಕಾಲಿನಲ್ಲಿ ಈ ವರ್ಷವೂ ಹುಳ ಎದ್ದಿದೆಯೆಂದು ಕಾಗದ ಬಂದಾಗ, ಅರವತ್ತೊಂದರ ಬೇಸಿಗೆಯಲ್ಲಿ, ದುರ್ಗದಬೈಲಿನ ಪೇಟೆಯಲ್ಲಿ ನೀರು ಸೋಸಲು ದಟ್ಟ ನೇಯ್ಗೆಯ ಬಟ್ಟೆ ಕೊಂಡು ನಾನು ಹುಬ್ಬಳ್ಳಿಯಿಂದ ಹೊರಟೆ.

ಧಾರವಾಡದವರೆಗೆ ಮೋಟಾರು, ಮುಂದೆ ಊರ ಹೊರಗಿನ ಕೆರೆಯ ಬದಿಯಿಂದ ಆರು ಮೈಲಿ ನಡಿಗೆ. ಕೆರೆ ಬತ್ತಿ ಅಂಚು ಬಿರುಕುಬಿಟ್ಟಿತ್ತು. ಬುತ್ತಿಯ ರೊಟ್ಟಿ ಬಿಸಿಲಿಗೆ ಹಪ್ಪಳವಾಗಿತ್ತು.

ಅಕ್ಕ ಸಿಕ್ಕಿದ್ದು ಬಾವಿಯ ಮೆಟ್ಟಿಲ ಮೇಲೆ. ಹುಣ್ಣಿನಿಂದ ಹೊರಬಂದ ಹುಳವನ್ನು ಕಸಬರಿಗೆಯ ಕಡ್ಡಿಗೆ ಸುತ್ತಿ, ಕಾಲನ್ನು ನೀರಿನಲ್ಲಿಟ್ಟಿದ್ದಳು. ಪಕ್ಕದಲ್ಲೇ ಹೆಂಗಸರು ಕೊಡ ತುಂಬುತ್ತಿದ್ದರು.

“ಬಂದ್ಯಾ ತಮ್ಮಾ? ಕಾಲು ಬೆಂಕಿ ಆಗಿತ್ತು. ನೀರಾಗ ಇಟ್ಟಕೂಡ್ಲೆ ಜೀವ ತಣ್ಣಗಾತು.”

“ಆ ಉರಿ ಹುಳದ ಆಟ ಅಕ್ಕಾ. ಮರಿ ಬಿಡಾಕ ಅದಕ್ಕ ನೀರು ಬೇಕು. ನಿನ್ನ ಕಾಲು ಸುಟ್ಟು ಬಾವಿಗೆ ಎಳಕೊಂಡು ಬರತೈತಿ.”

“ಪುಸ್ತಕದ ಹುಳ ನಿನ್ನ ತಲಿ ಹೊಕ್ಕಾವ!” ಎಂದಳು. ಹೆಂಗಸರೆಲ್ಲ ನಕ್ಕರು.

ಆ ಮರಿಗಳನ್ನು ನೀರಿನ ಸಣ್ಣ ಜೀವಿಗಳು ನುಂಗುತ್ತವೆ. ಆ ಜೀವಿಗಳನ್ನು ನೀರಿನೊಡನೆ ಮನುಷ್ಯರು ಕುಡಿಯುತ್ತಾರೆ. ವರ್ಷ ತುಂಬಿದಾಗ ಹುಳ ಮತ್ತೆ ಕಾಲಿನಲ್ಲಿ ಏಳುತ್ತದೆ. ಎಷ್ಟೋ ತಲೆಮಾರು ನಮ್ಮೊಡನೆ ಬಾಳಿ, ನಮ್ಮ ನೋವನ್ನೇ ಅದು ತನ್ನ ದಾರಿ ಮಾಡಿಕೊಂಡಿದೆ. ನಾವು ಅದಕ್ಕೆ ಮೆಟ್ಟಿಲು ಕಟ್ಟಿ ಪೂಜಿಸುತ್ತಿದ್ದೆವು. ಅಕ್ಕನ ಮೂರು ವರ್ಷದ ಮೊಮ್ಮಗಳು ಕುಡಿಯುತ್ತಿದ್ದುದೂ ಅದೇ ನೀರು.

ಸಂಜೆ ಕೆಳಗೇರಿಗೆ ಹೋದೆ. ಈಚೆಗೆ ಬೌದ್ಧರಾದ ಆ ಮನೆಗಳವರಿಗೆ ಗುಡಿಯ ಬಾವಿ ಎಂದೂ ತೆರೆದಿರಲಿಲ್ಲ. ಅವರ ಬಾವಿಗೆ ಎದೆಮಟ್ಟದ ಕಟ್ಟೆ, ಹಗ್ಗ, ಗಡಗಡೆ. ಕಾಲಿಡಲು ಮೆಟ್ಟಿಲೇ ಇಲ್ಲ. ಅಲ್ಲಿನ ಹಿರಿಯಳು ಶಾಂತವ್ವ ನನ್ನ ಪ್ರಶ್ನೆಗೆ ನಕ್ಕಳು.

“ನಾರು? ನಮ್ಮ ಕೇರ್‍ಯಾಗ ಯಾರಿಗೂ ಇಲ್ರಿ. ಬಾವಿ ಮುಟ್ಟಬ್ಯಾಡ್ರಿ ಅಂತ ನೀವು ಓಡಿಸಿದ್ರಿ, ನಾವು ಉಳಕೊಂಡಿವಿ.”

ಅವಳು ಸೇದಿಕೊಟ್ಟ ಒಂದು ಕೊಡ ನೀರನ್ನು ಹೊತ್ತು ತಂದೆ. ಅಕ್ಕ ಅದನ್ನು ಹೊಸ್ತಿಲು ದಾಟಿಸಲಿಲ್ಲ.

“ಕೂಸಿಗಾದರೂ ಕೊಡು,” ಎಂದೆ.

“ಹುಣ್ಣು ಮಾಯತಾವ, ತಮ್ಮಾ. ಕುಲ ಹೋದ್ರ ಬರೂದಿಲ್ಲ.” ನೀರು ಸೋಸಲೆಂದು ನಾನು ತಂದ ಬಟ್ಟೆಯನ್ನು ಹರಿದು ಹುಣ್ಣಿಗೆ ಕಟ್ಟಿಕೊಂಡಳು.

ಮರುವರ್ಷ ಆ ಮಗುವಿನ ಹಿಮ್ಮಡಿಯಲ್ಲಿ ಹುಳ ಎದ್ದಿತು. ಹತ್ತು ವರ್ಷವಾಯಿತು, ಈಗಲೂ ಅವಳು ಕುಂಟುತ್ತಾಳೆ.

ಶಾಂತವ್ವ ಇಂದಿಗೂ ಗಟ್ಟಿಯಾಗಿದ್ದಾಳೆ. ಅಂದು ನೀರು ತಂದ ಮರುದಿನ ಬೆಳಿಗ್ಗೆ ನಾನು ಹುಬ್ಬಳ್ಳಿಗೆ ಹೊರಟಾಗ ಅವಳು ಹೇಳಿದ್ದಿಷ್ಟು: “ಯಾರರೆ ನಂಬಲಿಲ್ಲಂದ್ರ ಕಳಸ್ರಿ. ನನ್ನ ಕಾಲಾಗ ಹುಣ್ಣಿನ ಒಂದು ಕಲೆ ಇದ್ರ ತೋರಸಲಿ. ಆದ್ರ ಬಂದವರು ನಮ್ಮ ಮನ್ಯಾಗ ನೀರು ಕುಡದು ಹೋಗಬೇಕ್ರಿ.”