ಪ್ರಾರ್ಥನೆಯ ರಜೆ ಮತ್ತು ಬೆಂಡೆಯ ಹೂವು

ಬೆಳಗಿನ ಏಳು ಗಂಟೆಗೆ ನಲವತ್ತು ಹೆಂಗಸರು ಬೆಂಡೆ ಹೊಲದ ಬದುವಿನಲ್ಲಿ ಕಣ್ಣು ಮುಚ್ಚಿ ನಿಂತು ದೇಶದ ಅಧ್ಯಕ್ಷರಿಗಾಗಿ ಪ್ರಾರ್ಥಿಸುತ್ತಿದ್ದರು. ಹಬ್ಬವಲ್ಲ, ಚುನಾವಣೆಯಲ್ಲ, ಬರೀ ಮಂಗಳವಾರ. ಜಾಂಬಿಯಾದಲ್ಲಿ ಅದು ನನ್ನ ಕೆಲಸದ ಮೊದಲ ದಿನ. ಕೈಯಲ್ಲಿ ಚಿಮಟ ಹಿಡಿದು, ಕಣ್ಣು ಬಿಟ್ಟುಕೊಂಡು ನಿಂತವಳು ನಾನೊಬ್ಬಳೇ. ಆಳುವವರಿಗೆ ಒಳ್ಳೆಯ ಬುದ್ಧಿ ಕೊಡು ಎಂದು ದೇವರಲ್ಲಿ ಬೇಡಿಕೊಂಡು ಕೂಲಿ ಶುರುಮಾಡುವುದನ್ನು ಹಿರೇಕೆರೂರು ತಾಲ್ಲೂಕಿನಲ್ಲಿ ನಾನು ಕಂಡಿರಲಿಲ್ಲ. ನಮ್ಮಲ್ಲಿ ಆಳುವವರನ್ನು ಬೈದುಕೊಂಡು ಶುರುಮಾಡುತ್ತೇವೆ.

ನಾನು ಮಾಸೂರಿನವಳು. ಮದಗದ ಕೆರೆ ನೀರಿನ ಹೊಲಗಳಲ್ಲಿ ಹದಿನೈದು ವರ್ಷ ಬೀಜದ ಬೆಂಡೆಗೆ ಕ್ರಾಸಿಂಗ್ ಮಾಡಿದ್ದೇನೆ. ಸಂಜೆ ಮೊಗ್ಗಿನ ಗಂಡು ಭಾಗವನ್ನು ಚಿಮಟದಿಂದ ಬಿಡಿಸಿ ಕೆಂಪು ದಾರ ಕಟ್ಟಬೇಕು; ಮರುದಿನ ಬೆಳಿಗ್ಗೆ ಹತ್ತರೊಳಗೆ ಬೇರೆ ತಳಿಯ ಪರಾಗ ಮುಟ್ಟಿಸಬೇಕು. ತಪ್ಪಿದರೆ ಹೂವು ಉದುರುತ್ತದೆ. ಈ ಕೈಕೆಲಸ ಕಲಿಸಲೆಂದು ಇಲ್ಲಿಯ ರಾಜಧಾನಿ ಲುಸಾಕಾ ಹತ್ತಿರದ ಬೀಜದ ಫಾರ್ಮಿಗೆ ಬಂದೆ. ಮೊದಲ ತಾಕಿನಲ್ಲಿ ಬೀಜ ಕಟ್ಟದಿದ್ದರೆ ವಾಪಸು ಕಳಿಸುವುದಾಗಿ ಬರುವಾಗಲೇ ಹೇಳಿದ್ದರು.

ತಗಡಿನ ಚಾವಣಿಯ ಒಂದು ಕೋಣೆ ಕೊಟ್ಟರು. ಊಟಕ್ಕೆ ಎನ್ಶಿಮಾ, ಅಂದರೆ ಮೆಕ್ಕೆಜೋಳದ ಬಿಳಿ ಹಿಟ್ಟಿನ ಗಟ್ಟಿ ಮುದ್ದೆ. ರೊಟ್ಟಿ ಬಡಿಯಲು ಬಿಳಿಜೋಳದ ಹಿಟ್ಟು ಸಿಗದೆ ಮೊದಲ ತಿಂಗಳು ಅತ್ತಿದ್ದೇನೆ, ಸುಳ್ಳೇಕೆ ಹೇಳಲಿ. ಇಲ್ಲಿ ಹೆಸರಿನ ಮುಂದೆ ‘ಬಾ’ ಸೇರಿಸಿದರೆ ಮರ್ಯಾದೆ. ನಾವು ಮಾತಿನ ತುದಿಗೆ ಹಚ್ಚುವ ‘ರಿ’ಯನ್ನು ಇವರು ಮೊದಲೇ ಕೊಟ್ಟುಬಿಡುತ್ತಾರೆ. ಕೂಲಿ ಹೆಂಗಸರಲ್ಲಿ ಹಿರಿಯಳು ಬಾ ಎಸ್ತರ್. ನನ್ನ ಮುರುಕು ಇಂಗ್ಲಿಷಿಗೆ ನಗದೆ ಕಿವಿಗೊಟ್ಟವಳು ಅವಳೊಬ್ಬಳೇ. ಇವರ ಮಾತನ್ನೆಲ್ಲ ನಮ್ಮ ಕಡೆಯ ಮಾತಿಗೆ ತಂದೇ ಬರೆಯುತ್ತೇನೆ.

ಕ್ಯಾಲೆಂಡರಿನಲ್ಲಿ ‘ರಾಷ್ಟ್ರೀಯ ಪ್ರಾರ್ಥನಾ ದಿನ’ ಎಂದು ಕೆಂಪಕ್ಷರದಲ್ಲಿ ಇದ್ದುದನ್ನು ನಾನು ನೋಡಿದ್ದೆ. ರಾಷ್ಟ್ರೀಯ ಅಂದಮೇಲೆ ನಮ್ಮ ಆಗಸ್ಟ್ ಹದಿನೈದರಂತೆ ಅಂದುಕೊಂಡೆ: ಶಾಲೆಯ ಮುಂದೆ ಬಾವುಟ ಏರಿಸಿ, ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡು, ಎಂಟೂವರೆಗೆಲ್ಲ ಹೊಲದಲ್ಲಿರುವುದು. ಹಾಗಾಗಿ ಹಿಂದಿನ ಸಂಜೆ ಎಂಟು ಸಾಲಿನ ಮೊಗ್ಗು ಬಿಡಿಸಿ ದಾರ ಕಟ್ಟಿಸಿದೆ. ಆಮೇಲೆ ಫಾರ್ಮಿನ ಮ್ಯಾನೇಜರು ಆಫೀಸಿಗೆ ಕರೆಸಿ, ನಾಳೆ ಇಡೀ ದಿನ ರಜೆ, ಎಲ್ಲರೂ ಮೈದಾನದ ಪ್ರಾರ್ಥನೆಗೆ ಬರಬೇಕು ಎಂದ.

“ಹೂವು ಕಾಯಂಗಿಲ್ಲರಿ. ನಾನೊಬ್ಬಾಕಿನ ಮಾಡ್ತೇನಿ,” ಎಂದೆ.

“ನಾಳೆ ಕೆಲಸ ಮಾಡೂದು ದೇಶಕ್ಕ ಅವಮಾನ. ಇದು ಕ್ರೈಸ್ತ ದೇಶ ಅಂತ ಸಂವಿಧಾನದಾಗ ಬರದೈತಿ. ಒಗ್ಗಲಿಲ್ಲಂದ್ರ ನಿಮ್ಮ ದೇಶಕ್ಕ ಹೋಗ್ರಿ,” ಎಂದ.

ಸಂವಿಧಾನದ ಮಾತನ್ನು ಅವನು ನನ್ನ ಮುಂದೆ ಎತ್ತಬಾರದಿತ್ತು. ನಾವು ಬೌದ್ಧರು. ನಮ್ಮಪ್ಪ ಅಕ್ಷರ ಕಲಿತದ್ದು ತಡವಾಗಿ, ಆದರೂ ನಮ್ಮ ದೇಶದ ಸಂವಿಧಾನದ ಪೀಠಿಕೆಯನ್ನು ತಾನು ಬಾಯಿಪಾಠ ಮಾಡಿ ನಮ್ಮಿಂದಲೂ ಮಾಡಿಸಿದ್ದ. ಇವರ ಪೀಠಿಕೆ ಆಫೀಸಿನ ಗೋಡೆಯ ಮೇಲೆ ಗಾಜಿನ ಕಟ್ಟಿನಲ್ಲಿತ್ತು. ಹೋಗಿ ಬೆರಳಿಟ್ಟು ಓದಿದೆ. ಕ್ರೈಸ್ತ ದೇಶವೆಂದು ಸಾರಿರುವುದು ನಿಜ. ಆದರೆ ಪ್ರತಿಯೊಬ್ಬರ ಅಂತಃಸಾಕ್ಷಿ, ನಂಬಿಕೆ, ಧರ್ಮದ ಸ್ವಾತಂತ್ರ್ಯವನ್ನು ಎತ್ತಿಹಿಡಿಯುತ್ತೇವೆ ಎನ್ನುವುದೂ ಅದೇ ವಾಕ್ಯದಲ್ಲಿದೆ.

“ನೀವು ಅರ್ಧಕ್ಕ ನಿಂತ್ರಿ. ಉಳಿದರ್ಧ ನಂದು,” ಎಂದೆ. ಅವನು ಹೊಲದ ಗೇಟಿನ ಕೀಲಿ ಮೇಜಿನ ಮೇಲಿಟ್ಟು ಹೋದ.

ಬೆಳಕು ಹರಿಯುವಾಗ ಬಾ ಎಸ್ತರ್ ಮೂವರು ಹೆಂಗಸರೊಡನೆ ಬಂದಳು. ಎಲ್ಲರೂ ಚರ್ಚಿಗೆ ಹೋಗುವ ಕೆಂಪು ರವಿಕೆ, ಬಿಳಿ ಟೋಪಿಯಲ್ಲಿದ್ದರು. “ಒಂಬತ್ತಕ್ಕ ಪ್ರಾರ್ಥನಿಗೆ ಹೋಗ್ತೇವಿ. ಅಲ್ಲೀಮಟ ಕೈ ಖಾಲಿ ಅದಾವು,” ಎಂದಳು.

ಪರಾಗ ಮುಟ್ಟಿಸುತ್ತಲೇ ತನ್ನ ದೇಶದ ಕಥೆ ಹೇಳಿದಳು. ಒಂದೇ ಪಕ್ಷ ಆಳುತ್ತಿದ್ದ ಕಾಲದಲ್ಲಿ ಸರ್ಕಾರವನ್ನು ಟೀಕಿಸಿ ಬಿಷಪ್ಪರು ಬರೆದ ಪತ್ರವನ್ನು ಚರ್ಚಿನಲ್ಲಿ ಓದಿದಾಗ ಅವಳು ಅವ್ವನ ಪಕ್ಕ ಕುಳಿತಿದ್ದಳಂತೆ. ಮುಂದೆ ಆಳುವವರನ್ನೂ ಎದುರಾಳಿಗಳನ್ನೂ ಚರ್ಚೊಂದರಲ್ಲಿ ಕೂಡಿಸಿ ಮಾತಾಡಿಸಿದವರು ಪಾದ್ರಿಗಳೇ. ಬೇರೆ ಪಕ್ಷಗಳಿಗೂ ಓಟು ಹಾಕುವ ಚುನಾವಣೆ ಬಂತು. ಆದರೆ ಗೆದ್ದವನು ದೇಶವನ್ನು ಕ್ರೈಸ್ತವೆಂದು ಸಾರುವಾಗ ದೊಡ್ಡ ಚರ್ಚುಗಳನ್ನು ಒಂದು ಮಾತೂ ಕೇಳಲಿಲ್ಲವಂತೆ.

“ಬೈಬಲ್ಲು ಬಿಳಿಯರ ಕೂಡ ಬಂತು, ಖರೇ. ಆದ್ರ ಆಳಾವ್ರು ಹೇಳಿದಂಗ ಓದೂದು ನಮಗ ಬರಲಿಲ್ಲವ್ವ,” ಎಂದಳು.

ಐದು ಸಾಲು ಮುಗಿಸಿ ಅವರು ಹೋದರು. ನಾನು ಒಂಟಿಯಾಗಿ ಇನ್ನೊಂದು ಸಾಲು ಮುಗಿಸುವಷ್ಟರಲ್ಲಿ ಬಿಸಿಲೇರಿತು, ಎರಡು ಸಾಲಿನ ಹೂವು ಬಾಡಿದವು. ಆರರಲ್ಲಿ ಬೀಜ ಕಟ್ಟಿತು. ಮ್ಯಾನೇಜರು ಗೋಡೆಯ ವಿಷಯ ಮತ್ತೆ ಎತ್ತಲಿಲ್ಲ; ಇನ್ನೊಂದು ವರ್ಷದ ಒಪ್ಪಂದಕ್ಕೆ ನನ್ನ ಸಹಿ ಹಾಕಿಸಿಕೊಂಡ.

ಮೊನ್ನೆ ಮಾಸೂರಿನಿಂದ ಅಕ್ಕ ಫೋನು ಮಾಡಿದ್ದಳು. “ನೀ ಕಿರಿಸ್ತಾನ ಆಗೀ ಅಂತ ಊರಾಗ ಮಾತಾಡಾಕತ್ತಾರ,” ಎಂದಳು.

ಮಾಸೂರಿನ ಹೊಲದಲ್ಲಿ ನನ್ನ ಬೊಗಸೆಗೆ ಎತ್ತರದಿಂದ ನೀರು ಸುರಿಯುತ್ತಿದ್ದವರು ನನ್ನ ದೇವರು ಯಾರೆಂದು ಆಗ ಕೇಳಿರಲಿಲ್ಲ. ಈಗ ಅವರಿಗೆ ನನ್ನ ಧರ್ಮದ ಚಿಂತೆ. ಸಿಟ್ಟು ನೆತ್ತಿಗೇರಿತು.

ಅಕ್ಕ ದನಿ ತಗ್ಗಿಸಿದಳು. “ನಮ್ಮ ದೇಶಾನೂ ಒಂದ ಧರ್ಮದ್ದು ಅಂತ ಸಂವಿಧಾನದಾಗ ಬರೀಬೇಕಂತ. ಬರದ್ರ ನಾವೆಲ್ಲಿಗೆ ಹೋಗೂದು?”

“ಎಲ್ಲಿಗೂ ಹೋಗೂದಿಲ್ಲ. ಅಲ್ಲೇ ಇರೂದು,” ಎಂದೆ.

“ನೀ ಅಲ್ಲಿ ಕುಂತು ಹೇಳ್ತಿ,” ಎಂದಳು ಅಕ್ಕ.

ಅವಳ ಮಾತು ಸುಳ್ಳಲ್ಲ. ಆದರೆ ಊರಿನವರಿಗೆ ಒಂದು ಮಾತು ಬರೆದಿಡುತ್ತೇನೆ. ಇಲ್ಲಿ ನಾನು ಹೊರಗಿನವಳು ಎನ್ನಲು ನನ್ನ ಪಾಸ್‌ಪೋರ್ಟೇ ಸಾಕ್ಷಿ. ಮಾಸೂರಿನಲ್ಲಿ ನನ್ನನ್ನು ಹೊರಗಿನವಳು ಎನ್ನುವವರ ಕೈಯಲ್ಲಿ ಯಾವ ಸಾಕ್ಷಿಯಿದೆ? ಒಪ್ಪಂದ ಮುಗಿದ ದಿನ ಬರುತ್ತೇನೆ, ತೋರಿಸಲಿ.