ನಾನು ಬಳಿದ ಸಿಮೆಂಟು, ಮೊಮ್ಮಗಳು ಮೆತ್ತಿದ ಗಾರೆ

ನಮ್ಮ ಸಹನಾಳ ಗೋಡೆ ಪಾಸಾಯಿತು! ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಯಾಯಿತು, ನಿಮಗೆ ಹೇಳುವುದೊಂದು ಬಾಕಿ.

ಸಹನಾ ನನ್ನ ಮೊಮ್ಮಗಳು. ಹಳೇ ಕಟ್ಟಡ ರಿಪೇರಿ ಮಾಡುವುದನ್ನೇ ಓದಿದ್ದಾಳೆ. (ಅದಕ್ಕೂ ಕಾಲೇಜಿದೆ! ನಾನು ನಾಲ್ಕನೇ ಕ್ಲಾಸು ಬಿಟ್ಟು ಗಾರೆಕೆಲಸದ ಕರಣೆ ಹಿಡಿದವನು.) ಪೇಟೆ ಕಡೆಯ ಒಂದು ದೊಡ್ಡ ಚರ್ಚು, ಬ್ರಿಟಿಷರ ಕಾಲದ್ದಂತೆ. ಗೋಡೆಯೆಲ್ಲ ತೇವ ಹಿಡಿದು ಉದುರುತ್ತಿತ್ತು. "ಮೊದಲು ಒಂದು ತುಂಡು ಗೋಡೆ ಮಾಡಿ ತೋರಿಸಮ್ಮ. ಮಳೆಗೆ ನಿಂತರೆ ಇಡೀ ಕೆಲಸ ನಿನಗೆ. ಇಲ್ಲದಿದ್ದರೆ ಟೈಲ್ಸ್ ಹಾಕಿಸ್ತೀವಿ" ಎಂದಿದ್ದರು ಫಾದರ್.

ಅವತ್ತು ಮನೆಗೆ ಬಂದವಳೇ ಮೊಬೈಲಿನಲ್ಲಿ ಫೋಟೋ ತೋರಿಸಿದಳು.

"ನೋಡು ತಾತ, ಯಾವನೋ ಪುಣ್ಯಾತ್ಮ ಸುಣ್ಣದ ಗಾರೆ ಮೇಲೆ ಸಿಮೆಂಟ್ ಬಳಿದಿದಾನೆ. ಒಳಗಿನ ನೀರು ಆಚೆ ಬರಕ್ಕಾಗ್ದೆ ಇಟ್ಟಿಗೆನೇ ಪುಡಿ ಆಗ್ತಿದೆ."

ಕನ್ನಡಕ ಹಾಕಿಕೊಂಡು ನೋಡಿದೆ. ಆ ಬಾಗಿಲು, ಆ ಕಮಾನು... ಅಯ್ಯೋ ದೇವರೇ!

"ಆ ಪುಣ್ಯಾತ್ಮ ನಾನೇ ಕಣಮ್ಮ."

ವಯಸ್ಸಿನಲ್ಲಿದ್ದಾಗ ಒಬ್ಬ ಕಂಟ್ರಾಕ್ಟರ್ ಜೊತೆ ಹೋಗಿ ಬಳಿದಿದ್ದೆ. "ನೂರು ವರ್ಷ ಅಲ್ಲಾಡಲ್ಲ" ಎಂದು ಆಗಿನ ಫಾದರ್‌ಗೆ ಮಾತೂ ಕೊಟ್ಟಿದ್ದೆ. ನಮ್ಮಪ್ಪ ಸುಣ್ಣ ಅರೆದು ಗಾರೆ ಮಾಡುತ್ತಿದ್ದವರು. ನನಗೆ ಅದೆಂದರೆ ನಾಚಿಕೆ. ಗಟ್ಟಿಯಾಗಿದ್ದರೆ ಸಾಕು, ಒಳ್ಳೆಯದೇ ಎಂದುಕೊಂಡವರು ನಾವು. ಗೋಡೆಯೂ ಉಸಿರಾಡಬೇಕೆಂದು ಯಾರಿಗೆ ಗೊತ್ತಿತ್ತು?

ಸಹನಾ ಬೈಯಲಿಲ್ಲ. "ಹಂಗಾದ್ರೆ ನೀನೇ ಬಂದು ಕೀಳು" ಎಂದಳು.

ಹೋದೆ. ಉಳಿ ಹಿಡಿದು ಸಿಮೆಂಟು ಎಬ್ಬಿಸಿದೆ, ಪದರ ಪದರವಾಗಿ. ಅವಳು ಸುಣ್ಣ ನೆನೆಹಾಕಿದ್ದಳು. ಗಾರೆಗೆ ಕಲಸಲು ಬೆಲ್ಲ, ಅಳಲೆಕಾಯಿ ಹಾಕಿದ ನೀರೂ ಇತ್ತು. ನಮ್ಮಪ್ಪ ಮಾಡುತ್ತಿದ್ದ ಹಾಗೆ ಮೂಸಿ ನೋಡಿದೆ.

"ಇನ್ನೂ ಹುಳಿ ಬಂದಿಲ್ಲ. ಎರಡು ದಿನ ಬಿಡು."

"ಬುಕ್ಕಲ್ಲಿ ಇಷ್ಟೇ ದಿನ ಅಂತಿದೆ, ತಾತ."

"ಬುಕ್ಕು ಮೂಸಿ ನೋಡಿತ್ತಾ?"

ನಕ್ಕಳು. ಎರಡು ದಿನ ಕಾದಳು.

ಗಾರೆ ಮೆತ್ತಿ, ಒದ್ದೆ ಗೋಣಿಚೀಲ ಕಟ್ಟಿ ಹದವಾಗಿ ಒಣಗಿಸಿದೆವು. ಆಮೇಲೆ ಮಳೆ ಹಿಡಿಯಿತು. ಒಂದೊಂದು ಗುಡುಗಿಗೂ ನಾನು ಎದ್ದು ಕಿಟಕಿ ತೆಗೆದು ನೋಡುತ್ತಿದ್ದೆ. ಬಿರುಕು ಬಿಟ್ಟರೆ ಕೆಲಸ ಹೋಗುವುದು ಅವಳದು, ತಪ್ಪು ಮಾತ್ರ ನನ್ನದು!

ಇವತ್ತು ಬೆಳಿಗ್ಗೆ ಫಾದರ್ ಗೋಡೆಗೆ ಅಂಗೈ ಒತ್ತಿ ನೋಡಿದರು. ಉಗುರಿನಲ್ಲಿ ಕೆರೆದರು. ಒಂದು ಗೆರೆ ಬಿರುಕಿಲ್ಲ.

"ಮುಂದುವರಿಸಮ್ಮ" ಎಂದವರು ನನ್ನತ್ತ ತಿರುಗಿದರು. "ನಿಮ್ಮ ನೂರು ವರ್ಷ ಸ್ವಲ್ಪ ಬೇಗ ಮುಗೀತಲ್ಲ, ಅಂಕಲ್!" (ಹೇಳಿಕೊಟ್ಟವಳು ಯಾರೆಂದು ಬೇರೆ ಹೇಳಬೇಕೆ?)

ಸಂಜೆ ಮಗ, ಸೊಸೆ, ಸಹನಾ, ನಾನು, ನನ್ನ ಹೆಂಡತಿ ಎಲ್ಲರೂ ನಡುಮನೆಯಲ್ಲಿ ಚಾಪೆ ಹಾಸಿ ಕೂತೆವು. ಮುದ್ದೆ, ಬಸ್ಸಾರು. "ಇವತ್ತೇನ್ರೀ, ಮೂರನೇ ಮುದ್ದೆ?" ಎಂದಳು ಹೆಂಡತಿ.

ತನ್ನ ತಪ್ಪನ್ನು ತಾನೇ ಕಿತ್ತು ಬಂದವನ ಹಸಿವು ಎಂಥದ್ದೆಂದು ನಿಮಗೇನಾದರೂ ಗೊತ್ತೇ?